ಕಾಳಿಬಾಯಿಯ ಎದೆಯ ಮೇಲಿನ ಸಮ್ಮೇಳನ

ಆಸ್ಪತ್ರೆಯವರು ಕಾಳಿಬಾಯಿಯ ಮೈಮೇಲೆ ಮೂರು ಚುಕ್ಕೆ ಚುಚ್ಚಿ ಕಳಿಸಿದರು. ಎದೆಯ ನಡುವೆ ಒಂದು, ಎಡಬಲದ ಪಕ್ಕೆಯಲ್ಲಿ ಒಂದೊಂದು. ಸಾಸಿವೆ ಕಾಳಿಗಿಂತ ಸಣ್ಣವು. ಗಂಟು ತೆಗೆದ ಜಾಗಕ್ಕೆ ಮಷೀನಿನ ಕಿರಣವನ್ನು ದಿನಾ ಕರಾರುವಾಕ್ಕಾಗಿ ಅಲ್ಲಿಗೇ ಬಿಡಬೇಕು, ಅದಕ್ಕೆ ಈ ಗುರುತು, ಇದು ಹೋಗಬಾರದು ಎಂದು ಮಷೀನು ನಡೆಸುವ ಹುಡುಗಿ ಹೇಳಿದಳು. ಹೋಗಬಾರದು ಎಂದಳೇ ಹೊರತು, ಇದಕ್ಕೆ ಏನೂ ಸೇರಿಸಬಾರದು ಎನ್ನಲಿಲ್ಲ. ಅವಳಿಗಾದರೂ ಅದು ಹೇಗೆ ಹೊಳೆಯಬೇಕು? ಲಮಾಣಿ ಹೆಂಗಸಿನ ಮೈಮೇಲೆ ಬರೀ ಚುಕ್ಕೆ ಇಟ್ಟು ಮನೆಗೆ ಕಳಿಸಿದರೆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಯಾವ ಡಾಕ್ಟರಿ ಪುಸ್ತಕದಲ್ಲೂ ಇಲ್ಲ.

ಕಾಳಿಬಾಯಿ ವಿಜಾಪುರದ ಕಡೆಯ ತಾಂಡಾದವಳು. ಮದುವೆಯಾದ ಹೊಸದರಲ್ಲೇ ಗಂಡ ಠಾಕಪ್ಪನ ಜೊತೆ ಗೋವಾಕ್ಕೆ ಬಂದು, ಕನ್ನಡಿ ಚೂರು ಹೊಲಿದ ಚೀಲ, ಮಣಿಸರ, ಹೊದಿಕೆಗಳನ್ನು ಹೆಗಲಿಗೇರಿಸಿ ಬೀಚಿನುದ್ದಕ್ಕೂ ಮಾರಿ ಮಕ್ಕಳನ್ನು ಬೆಳೆಸಿದವಳು. ಬಾಯ್ನಾ ಬೀಚಿನ ಗುಡಿಸಲನ್ನು ಸರ್ಕಾರದ ಬುಲ್ಡೋಜರು ಸವರಿದ ಮೇಲೆ ಸಂಸಾರ ಮಡಗಾಂವ್ ಹತ್ತಿರದ ಸಾಲುಮನೆಗಳ ಒಂದು ಚಾಳಿಗೆ ಬಂತು. ಏಳು ಕೆರೆಯ ನೀರು ಕುಡಿದವಳು ಎನ್ನುತ್ತಾರಲ್ಲ, ಇವಳು ಸಮುದ್ರದ ನೀರನ್ನೂ ಕುಡಿದಿದ್ದಳು. ಮನೆಯಲ್ಲಿ ಲಮಾಣಿ, ಊರಿನವರ ಜೊತೆ ಕನ್ನಡ, ಪೇಟೆಯಲ್ಲಿ ಕೊಂಕಣಿ, ಪೊಲೀಸರಿಗೆ ಹಿಂದಿ, ಬಿಳಿಯರಿಗೆ ಇಂಗ್ಲಿಷು. ಈಚೆಗೆ ರಷ್ಯದವರು ಬರತೊಡಗಿದ ಮೇಲೆ ಅವರ ಭಾಷೆಯಲ್ಲಿ ಚೌಕಾಸಿ ಮಾಡುವುದನ್ನೂ ಕಲಿತಿದ್ದಳು.

ಅವಳ ಎದೆಯಲ್ಲಿ ಗಂಟು ಸಿಕ್ಕಿದ್ದು 2007ರ ಮಳೆಗಾಲದಲ್ಲಿ. ಊರ ಹೊರಗೆ ಗುಡ್ಡದ ಮೇಲೆ ಒಂದು ಟ್ರಸ್ಟಿನ ಆಸ್ಪತ್ರೆ ಇತ್ತು. ಹೆಸರು ಬೇಡ. ಬೋರ್ಡಿನ ಮೇಲೆ ‘ಆಸ್ಪತ್ರೆ’ ಎಂಬುದು ಸಣ್ಣ ಅಕ್ಷರದಲ್ಲೂ ‘ಸಂಶೋಧನಾ ಕೇಂದ್ರ’ ಎಂಬುದು ದೊಡ್ಡ ಅಕ್ಷರದಲ್ಲೂ ಇತ್ತು ಎಂದರೆ ತಿಳಿದವರಿಗೆ ಸಾಕು. ಬಡವರಿಗೆ ಅಲ್ಲಿ ಪುಕ್ಕಟೆ ಚಿಕಿತ್ಸೆ. ಆಪರೇಶನ್ ಚೆನ್ನಾಗಿಯೇ ಆಯಿತು. ಆಮೇಲೆ ಮಷೀನಿನ ಕೆಳಗೆ ಮಲಗುವ ಸರದಿ. ಚಾಳಿನವರು ಅದನ್ನು ‘ಶೇಕ’ ಎನ್ನುತ್ತಿದ್ದರು, ಕಾಳಿಬಾಯಿಯೂ ಹಾಗೇ ಅನ್ನತೊಡಗಿದಳು. ಶೇಕ ಶುರುವಾಗಿ ಒಂದು ವಾರವಾಗಿತ್ತಷ್ಟೆ. ಭಾನುವಾರ ಮೈ ಒರೆಸಲು ಬಂದ ಅತ್ತೆ ಭೀಮಿಬಾಯಿಯ ಕಣ್ಣಿಗೆ ಆ ಚುಕ್ಕೆಗಳು ಬಿದ್ದವು.

ಭೀಮಿಬಾಯಿ ಒಂದು ಕಾಲಕ್ಕೆ ತಾಂಡಾದ ಹೆಣ್ಣುಮಕ್ಕಳಿಗೆಲ್ಲ ಹಚ್ಚೆ ಹಾಕಿದವಳು. ಅವಳ ಲೆಕ್ಕದಲ್ಲಿ ಸತ್ತವರ ಜೊತೆ ಬಂಗಾರ ಬರುವುದಿಲ್ಲ, ಸೀರೆ ಬರುವುದಿಲ್ಲ, ಹೆತ್ತ ಮಕ್ಕಳೂ ಬರುವುದಿಲ್ಲ. ಬರುವುದು ಹಚ್ಚೆ ಒಂದೇ. ಅಲ್ಲಿ ಬಾಗಿಲಲ್ಲಿ ನಿಂತವರು ನೋಡುವುದೂ ಅದನ್ನೇ. ಅರ್ಧಂಬರ್ಧ ಹಚ್ಚೆ ಹೊತ್ತು ಹೋದ ಹೆಂಗಸನ್ನು ಒಳಗೆ ಬಿಡುವುದಿಲ್ಲ, ಮುಗಿಸಿಕೊಂಡು ಬಾ ಎಂದು ತಿರುಗಿ ಕಳಿಸುತ್ತಾರೆ. ಇಂಥದ್ದರಲ್ಲಿ ಯಾರೋ ಕೈಬಾರದ ಹುಡುಗಿ ಚುಕ್ಕೆ ಇಟ್ಟು, ಗೆರೆ ಎಳೆಯಲು ಬಾರದೆ, ಸೊಸೆಯನ್ನು ಹಾಗೇ ಎಬ್ಬಿಸಿ ಕಳಿಸಿದ್ದಾಳೆ ಎಂದು ಮುದುಕಿಗೆ ಸಿಟ್ಟು ಬಂತು. ಕಾಯಿಲೆಯ ಮೈ, ನಾಳೆ ಏನೋ ಎಂತೋ ಎಂದು ಒಳಗೊಳಗೇ ಭಯವೂ ಆಯಿತು. ಕಾಡಿಗೆ ಕಲಸಿದಳು, ಸೂಜಿ ಕಾಯಿಸಿದಳು, ಮಧ್ಯಾಹ್ನದೊಳಗೆ ಎದೆಯ ಚುಕ್ಕೆಯನ್ನು ಚೆಂಡುಹೂವು ಮಾಡಿದಳು. ಎಡಗಡೆಯದು ಚೇಳಾಯಿತು, ಬಲಗಡೆಯದು ತೊಟ್ಟಿಲಾಯಿತು.

ಕಾಳಿಬಾಯಿ ಸೆರಗು ಕಚ್ಚಿ ನೋವು ತಡೆದಳು. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ಆಪರೇಶನ್ ಆದಂದಿನಿಂದ ಅವಳು ತನ್ನ ಮೈಯನ್ನು ತಾನು ನೋಡಿಕೊಂಡಿರಲಿಲ್ಲ; ಕನ್ನಡಿಗೆ ಬೆನ್ನು ಹಾಕಿಯೇ ಕುಪ್ಪಸ ತೊಡುತ್ತಿದ್ದಳು. ಆವತ್ತು ಸಂಜೆ ಮಾರಲು ಇಟ್ಟಿದ್ದ ಚೀಲವೊಂದನ್ನು ಎತ್ತಿ ಹಿಡಿದು, ಅದರ ಕನ್ನಡಿ ಚೂರುಗಳಲ್ಲಿ ಹೂವನ್ನು ನೋಡಿಕೊಂಡಳು. ಚಲೋ ಕಾಣುತ್ತಿತ್ತು. ಸಂತೋಷವಾಯಿತು.

ಸೋಮವಾರ ಮಷೀನಿನ ಹುಡುಗಿ ಅವಳ ಹೊದಿಕೆ ಸರಿಸಿದವಳು ಕೂಗಿಕೊಂಡಳಂತೆ. ಹೂವಿನ ತುಂಬ ಚುಕ್ಕೆ, ಚೇಳಿನ ಬಾಲದ ತುಂಬ ಚುಕ್ಕೆ. ಆಸ್ಪತ್ರೆಯದು ಯಾವುದು, ಭೀಮಿಬಾಯಿಯದು ಯಾವುದು, ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಕಿರಣ ವಿಭಾಗದ ಮುಖ್ಯಸ್ಥ ಡಾಕ್ಟರ್ ಮಿನೆಜಿಸ್ ಬಂದು ನೋಡಿದರು. ಅವರು ಬೆಚ್ಚಲಿಲ್ಲ. ಬಾವು ಇಳಿಯಲಿ, ಎರಡು ದಿನ ಬಿಟ್ಟು ಹೊಸ ಅಳತೆ ತೆಗೆದು ಹೊಸ ಚುಕ್ಕೆ ಇಟ್ಟರಾಯಿತು ಎಂದರು. ವಿಷಯ ಅಷ್ಟೇ ಇತ್ತು, ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮಿನೆಜಿಸ್ ಒಳ್ಳೆಯ ಮನುಷ್ಯ, ಮತ್ತು ಅನೇಕ ಒಳ್ಳೆಯ ಮನುಷ್ಯರಿಗಿರುವ ರೋಗ ಅವರಿಗೂ ಇತ್ತು: ಮೇಲಿನವರಿಗೆ ಒಂದು ಮಾತು ಹೇಳದೆ ಕೈ ಎತ್ತುತ್ತಿರಲಿಲ್ಲ. ಹೋಗಿ ಹೇಳಿದರು.

ಮೇಲಿನವರು ಎಂದರೆ ಸಂಶೋಧನಾ ಕೇಂದ್ರದ ನಿರ್ದೇಶಕ ಡಾಕ್ಟರ್ ಸರದೇಸಾಯಿ. ಮನೋರೋಗ ತಜ್ಞರು, ಆದರೆ ಮನೋರೋಗಿಯೊಬ್ಬರನ್ನು ನೋಡಿ ಬಹಳ ಕಾಲವಾಗಿತ್ತು. ಅವರು ಮನೋವೈದ್ಯಶಾಸ್ತ್ರದ ಇತಿಹಾಸ ಬರೆಯುತ್ತಿದ್ದರು. ದೆವ್ವ ಬಿಡಿಸುವವರಿಂದ ಶುರುಮಾಡಿ, ಬೇಡಿ ಹಾಕುವವರ ಕಾಲಕ್ಕೆ ಬಂದು, ಪೋರ್ತುಗೀಜರ ಕಾಲದ ಹುಚ್ಚಾಸ್ಪತ್ರೆಯ ಬಾಗಿಲಲ್ಲಿ ಹತ್ತು ವರ್ಷದಿಂದ ನಿಂತಿದ್ದರು. ಇನ್ನು ಕೆಲವು ವಾರಗಳಲ್ಲಿ ಅವರದೇ ಮುಂದಾಳತ್ವದಲ್ಲಿ ಒಂದು ದೊಡ್ಡ ಸಮ್ಮೇಳನ ನಡೆಯುವುದಿತ್ತು. ಹೆಸರು, ‘ಮನಸ್ಸಿನಿಂದ ಕಿರಣದವರೆಗೆ: ವೈದ್ಯಕೀಯ ಸಂಶೋಧನೆಯ ವಿಸ್ತಾರ’. ಹೆಸರಿಟ್ಟವರೂ ಅವರೇ. ಇಟ್ಟ ಮೇಲೆ ತಲೆನೋವು ಶುರುವಾಯಿತು. ಮನಸ್ಸು ತಮ್ಮ ಹತ್ತಿರ ಇತ್ತು, ಕಿರಣ ಮಿನೆಜಿಸ್ ಹತ್ತಿರ ಇತ್ತು, ನಡುವೆ ಸೇತುವೆ ಮಾತ್ರ ಇರಲಿಲ್ಲ. ಈಗ ನೋಡಿದರೆ ಆ ಸೇತುವೆ ಕನ್ನಡಿ ಹೊಲಿದ ಫೇಟಿಯಾ ಲಂಗ ತೊಟ್ಟುಕೊಂಡು, ಕಾಲಿಗೆ ಕಡಗ ಹಾಕಿಕೊಂಡು, ತಾನಾಗಿ ನಡೆದು ಬಂದಿತ್ತು. ಕಿರಣದ ಗುರುತನ್ನು ಚಿತ್ರ ಬರೆಸಿ ಮುಚ್ಚಿದ ರೋಗಿ! ಮನಸ್ಸೂ ಇದೆ, ಕಿರಣವೂ ಇದೆ. ಎಲ್ಲ ವಿಭಾಗದವರೂ ನೋಡಿ ಅಭಿಪ್ರಾಯ ಕೊಡುವ ತನಕ ಆ ಎದೆಯನ್ನು ಯಾರೂ ಮುಟ್ಟಬಾರದು ಎಂದು ಅಪ್ಪಣೆಯಾಯಿತು.

ಮೊದಲ ಅಭಿಪ್ರಾಯ ಅವರದೇ. ಕನ್ನಡದವಳು ಎಂದು ಕೇಳಿ, ಅನುವಾದಕ್ಕೆ ಹುಬ್ಬಳ್ಳಿಯ ಕಿರಿಯ ಡಾಕ್ಟರ್ ಗೀತಾಂಜಲಿಯನ್ನು ಕರೆಸಿದರು. ನಿರ್ದೇಶಕರ ಮನೆಮಾತು ಕೊಂಕಣಿ. ಕಾಳಿಬಾಯಿಗೂ ಕೊಂಕಣಿ ಬರುತ್ತಿತ್ತು. ಕೇಳಿದರಲ್ಲವೇ ತಿಳಿಯುವುದು.

ಯಾರಾದರೂ ನಿನ್ನ ಬೆನ್ನು ಹತ್ತಿದ್ದಾರೆ ಅನ್ನಿಸುತ್ತದೆಯೇ ಎಂದು ಕೇಳಿಸಿದರು. ಹೌದು, ಸೀಸನ್ನಿನಲ್ಲಿ ದಿನಾ, ಕೈಯಲ್ಲಿ ಲಾಠಿಯೂ ಇರುತ್ತದೆ ಎಂದಳು ಕಾಳಿಬಾಯಿ. ಬೀಚಿನಲ್ಲಿ ಮಾರುವವರನ್ನು ಪೊಲೀಸರು ಓಡಿಸುವುದು ಗೋವಾದಲ್ಲಿ ನಾಯಿಗೂ ಗೊತ್ತು. ನಿರ್ದೇಶಕರು ‘ಭ್ರಮೆ’ ಎಂದು ಬರೆದುಕೊಂಡರು. ಕಣ್ಣೆದುರಿನ ವಸ್ತು ಇದ್ದಕ್ಕಿದ್ದಂತೆ ಮಾಯವಾದದ್ದುಂಟೇ? ಉಂಟು, ಮನೆ, ಮುಂಜಾನೆ ಇತ್ತು, ಸಂಜೆಗೆ ಇರಲಿಲ್ಲ. ‘ಭ್ರಮೆ’ಯ ಕೆಳಗೆ ಗೆರೆ ಬಿತ್ತು. ಬಾಯ್ನಾ ಒಡೆದದ್ದು ಪೇಪರಿನಲ್ಲಿ ಬಂದಿತ್ತಲ್ಲ ಸರ್ ಎಂದು ಗೀತಾಂಜಲಿ ಬಾಯಿ ತೆರೆದಳು. ಅನುವಾದ ಮಾಡಿದರೆ ಸಾಕು ಎಂದರು. ಮೈಮೇಲೆ ಚಿತ್ರ ಬರೆಸಿಕೋ ಎಂದು ಯಾವುದಾದರೂ ದನಿ ಹೇಳಿತೇ? ಹೇಳಿತು, ಅತ್ತೆಯ ದನಿ. ಅತ್ತೆ ಬದುಕಿದ್ದಾಳೆಯೇ? ಬದುಕಿದ್ದಾಳೆ, ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ನಿರ್ದೇಶಕರು ಹೊರಗೆ ಇಣುಕಲಿಲ್ಲ. ಬಾಗಿಲು ತೆರೆದರೆ ಕಣ್ಣಿಗೆ ಬೀಳುವ ದನಿಯಿಂದ ಇತಿಹಾಸಕ್ಕೆ ಏನು ಪ್ರಯೋಜನ?

ಆಮೇಲೆ ಚರ್ಮದವರು ಕರೆದರು. ಅವರು ಹೂವಿನ ಒಂದು ಎಸಳನ್ನು ಕೆರೆದುಕೊಂಡು ಹೋದರು. ರಕ್ತದವರು ರಕ್ತ ತೆಗೆದರು. ಸಮಾಜ ಮತ್ತು ಆರೋಗ್ಯ ಎಂಬ ವಿಭಾಗದ ಹೆಣ್ಣುಮಗಳೊಬ್ಬಳು ತೊಟ್ಟಿಲ ಉದ್ದಗಲ ಅಳೆದು, ಇದು ತಾಯ್ತನದ ಹಂಬಲ ಎಂದಳು. ಕಾಳಿಬಾಯಿಗೆ ಆಗಲೇ ಮೊಮ್ಮಗ ಇದ್ದ. ಎಲ್ಲರೂ ಫೋಟೋ ತೆಗೆದರು. ಎಲ್ಲರೂ ಮರ್ಯಾದೆಯಿಂದಲೇ ನಡೆದುಕೊಂಡರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಿದೆ. ಇಲ್ಲಿ ಜಗಳವೂ ಇರಲಿಲ್ಲ, ಒಬ್ಬರನ್ನೊಬ್ಬರು ಹೊಗಳುತ್ತಲೇ ಇದ್ದರು, ಕೂಸು ಮಾತ್ರ ಬಡವಾಗುತ್ತಿತ್ತು. ಶೇಕ ಯಾವಾಗ ಎಂದು ಕಾಳಿಬಾಯಿ ಸಿಕ್ಕವರನ್ನೆಲ್ಲ ಕೇಳಿದಳು. ಅಭಿಪ್ರಾಯ ಬರಲಿ ಎಂದು ಎಲ್ಲರೂ ಹೇಳಿದರು. ಇಷ್ಟೊಂದು ದೊಡ್ಡವರು ಇಷ್ಟು ಸಲ ನೋಡುತ್ತಿದ್ದಾರೆಂದರೆ ಇದೂ ಮದ್ದೇ ಇರಬೇಕೆಂದು ಅವಳು ಕೆಲಕಾಲ ನಂಬಿದ್ದಳು.

ಮನೆಯಲ್ಲಿ ನಂಬಿಕೆ ಬೇರೆ ದಾರಿ ಹಿಡಿದಿತ್ತು. ಚಾಳಿನವರು ಎದುರಿಗೇ ಆಡತೊಡಗಿದರು: ಮುದುಕಿ ಸೂಜಿ ಹಿಡಿಯದಿದ್ದರೆ ಶೇಕ ನಿಲ್ಲುತ್ತಿರಲಿಲ್ಲ, ಸೊಸೆಗೆ ಏನಾದರೂ ಆದರೆ ಆ ಪಾಪ ಅವಳದೇ. ಠಾಕಪ್ಪ ಅಂಥದ್ದೇನೂ ಅನ್ನಲಿಲ್ಲ, ಆದರೆ ಅವ್ವನ ಜೊತೆ ಮಾತು ಬಿಟ್ಟ. ಭೀಮಿಬಾಯಿ ಸೂಜಿಗಳನ್ನು ನಾಲೆಗೆ ಎಸೆದು ಬಂದಳು. ತಟ್ಟೆಗೆ ಹಾಕಿದ ರೊಟ್ಟಿ ತಟ್ಟೆಯಲ್ಲೇ ಉಳಿಯತೊಡಗಿತು. ಕಾಳಿಬಾಯಿಗೆ ತನ್ನ ಎದೆಗಿಂತ ಅತ್ತೆಯ ಮೋರೆ ನೋಡುವುದೇ ಹೆಚ್ಚು ಸಂಕಟವಾಯಿತು. ಬರಬೇಡ ಎಂದು ಅವಳು ಎಷ್ಟು ಬೈದರೂ ಮುದುಕಿ ತಪ್ಪದೆ ಅವಳ ಜೊತೆ ಆಸ್ಪತ್ರೆಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು.

ಸಮ್ಮೇಳನದ ದಿನ ಬಂತು. ಜಾಗ, ಸಮುದ್ರದ ದಂಡೆಯ ಒಂದು ಭಾರಿ ಹೋಟೆಲು. ಅದರ ಹಿಂದಿನ ಮರಳಿನಲ್ಲಿ ಕಾಳಿಬಾಯಿ ಎಷ್ಟೋ ವರ್ಷ ವ್ಯಾಪಾರ ಮಾಡಿದ್ದಳು. ಅದರ ಕಾವಲುಗಾರರಿಂದ ಎಷ್ಟೋ ಸಲ ಬೈಸಿಕೊಂಡು ಓಡಿದ್ದಳು. ಈ ಸಲ ಆಸ್ಪತ್ರೆಯ ಗಾಡಿ, ಅತ್ತೆಯನ್ನು ಆಸ್ಪತ್ರೆಯ ಬೆಂಚಿನ ಮೇಲೇ ಬಿಟ್ಟು, ಅವಳನ್ನು ಮುಂಬಾಗಿಲಿಗೇ ತಂದು ಇಳಿಸಿತು. ಕಾವಲುಗಾರ ಸಲಾಮು ಹೊಡೆದ, ಆಮೇಲೆ ಗುರುತು ಹಿಡಿದು ಹೊಡೆದ ಸಲಾಮನ್ನು ಏನು ಮಾಡಬೇಕೆಂದು ತಿಳಿಯದೆ ಕೈ ಹಾಗೇ ಹಿಡಿದು ನಿಂತ.

ಒಳಗೆ ಎಸಿ ಎಷ್ಟಿತ್ತೆಂದರೆ ಹಲ್ಲು ಕಟಕಟ ಅನ್ನುತ್ತಿತ್ತು. ಅವಳನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ದೀಪ ಬೆಳಗಿದರು, ಹಾರ ಹಾಕಿಕೊಂಡರು. ಆಮೇಲೆ ಕತ್ತಲೆ ಮಾಡಿ, ಗೋಡೆಯಷ್ಟು ದೊಡ್ಡದಾಗಿ ಅವಳ ಬತ್ತಲೆ ಎದೆಯ ಚಿತ್ರ ಬಿಟ್ಟರು. ಗಂಡನೆದುರು ಕೂಡ ದೀಪ ಆರಿಸುವ ಹೆಂಗಸು ಅವಳು. ಸೆರಗನ್ನು ಹಣೆಯ ತನಕ ಎಳೆದುಕೊಂಡು ತಲೆ ತಗ್ಗಿಸಿದವಳು ಮತ್ತೆ ಎತ್ತಲಿಲ್ಲ. ಮುಖ ಕಾಣದಂತೆ ಕತ್ತರಿಸಿದ್ದೇವೆ, ರೋಗಿಯ ಗೌರವ ನಮಗೆ ಮುಖ್ಯ ಎಂದು ನಿರ್ದೇಶಕರು ಇಂಗ್ಲಿಷಿನಲ್ಲಿ ಹೇಳಿದರು. ರೋಗಿ ಮೊದಲ ಸಾಲಿನಲ್ಲಿಯೇ ಇದ್ದಾಳೆಂದೂ ಹೇಳಿದರು. ದೆವ್ವ ಬಿಡಿಸುವವರಿಂದ ಹಿಡಿದು ಈ ಚೇಳಿನವರೆಗೆ ಮನಸ್ಸಿನ ಇತಿಹಾಸ ಹೇಗೆ ಹರಿದು ಬಂದಿದೆ ಎಂದು ವಿವರಿಸಿದರು. ಚರ್ಮದವರು ಎಸಳಿನ ಬಗ್ಗೆ ಮಾತಾಡಿದರು. ತೊಟ್ಟಿಲಿನ ಹೆಣ್ಣುಮಗಳಿಗೆ ಚಪ್ಪಾಳೆ ಬಿತ್ತು. ಮಿನೆಜಿಸ್ ಕಿರಣದ ಕೋನಗಳ ಬಗ್ಗೆ ತಗ್ಗಿದ ದನಿಯಲ್ಲಿ ಏನೋ ಓದಿ ಬೇಗ ಇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ; ಇಲ್ಲಿ ಈಯಿತು ಎಂದವರೂ ಅವರೇ, ಕಟ್ಟಿದವರೂ ಅವರೇ, ಗಿಣ್ಣದ ರುಚಿ ಹೇಳಿದವರೂ ಅವರೇ.

ಕೊನೆಗೆ ರೋಗಿಯಿಂದ ಎರಡು ಮಾತು. ಉಪಕಾರವಾಯಿತು ಎಂದರೆ ಸಾಕು ಎಂದು ನಿರ್ದೇಶಕರು ಗೀತಾಂಜಲಿಯ ಕಿವಿಯಲ್ಲಿ ಹೇಳಿ ಮೈಕು ಕೊಟ್ಟರು. ಕಾಳಿಬಾಯಿ ಎದ್ದು ನಿಂತಳು. ನಾಚಿಕೆ ಹೋಗಿ ಅವಳಿಗೆ ಸಿಟ್ಟು ಬಂದಿತ್ತು.

“ನೀವು ಎಲ್ಲಾರೂ ನನ್ನ ನೋಡಿದ್ರಿ, ಭಾಳ ಚಲೋ ಆತು,” ಎಂದಳು. “ನಾ ಒಂದ ಕೇಳತೇನ್ರಿ. ನೀವು ಮೀಟಿಂಗ್ ಮಾಡೂ ಮಟಾ ಈ ಬ್ಯಾನಿನೂ ರಜಾ ತಗೊಂಡು ಸುಮ್ಮನ ಕುಂತಿರತೈತೇನ್ರಿ?”

ಗೀತಾಂಜಲಿ ಮೈಕು ತೆಗೆದುಕೊಂಡಳು. ಅವಳ ಸರ್ಟಿಫಿಕೇಟಿಗೆ ಸಹಿ ಮಾಡಬೇಕಾದವರು ಪಕ್ಕದಲ್ಲೇ ನಿಂತಿದ್ದರು. ಆದರೂ ಇದ್ದದ್ದನ್ನು ಇದ್ದ ಹಾಗೇ ಇಂಗ್ಲಿಷಿಗೆ ತಂದಳು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಎಂಥ ಮಾತು, ಎಂಥ ಮಾತು ಎಂದು ನಾಲ್ಕಾರು ಜನ ಬರೆದುಕೊಂಡರು. ‘ಚಿಕಿತ್ಸೆಯ ನಡುವಿನ ಅಂತರ’ ಎಂಬುದೇ ಮುಂದಿನ ವರ್ಷದ ಸಮ್ಮೇಳನದ ವಿಷಯವಾಗಲಿ, ಈ ರೋಗಿಯೇ ಅದರ ಮೊದಲ ಉದಾಹರಣೆಯಾಗಲಿ ಎಂದು ನಿರ್ದೇಶಕರು ಅಲ್ಲೇ ಘೋಷಿಸಿದರು. ಎಲ್ಲರೂ ಊಟಕ್ಕೆ ಎದ್ದರು. ಮದುವೆ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ, ಹಾಗಾಯಿತು.

ಕೈ ತೊಳೆಯುವ ಜಾಗದಲ್ಲಿ ಕಾಳಿಬಾಯಿ ಗೀತಾಂಜಲಿಯನ್ನು ಹಿಡಿದಳು. ಅವರು ಯಾಕೆ ಚಪ್ಪಾಳೆ ತಟ್ಟಿದರು, ನಾನು ಕೇಳಿದ್ದಕ್ಕೆ ಉತ್ತರ ಏನು ಎಂದು ಕೇಳಿದಳು. ಗೀತಾಂಜಲಿ ನಲ್ಲಿಯನ್ನು ಬಿಟ್ಟುಕೊಂಡೇ ಮಾತಾಡಿದಳು.

“ಶೇಕ ನಡುವ ಬಿಡಬಾರದ್ರಿ ಅವ್ವಾರ. ಬಿಟ್ಟಷ್ಟು ಬ್ಯಾನಿಗೆ ಬಲಾ ಬರತೈತಿ. ಇದು ಹೊಸಾ ಮಾತಲ್ರಿ, ನಾವು ಓದೂ ಪುಸ್ತಕದಾಗ ಐತಿ.”

“ಎಲ್ಲಾರಿಗೂ ಗೊತ್ತೈತಿ?”

“ಎಲ್ಲಾರಿಗೂ ಗೊತ್ತೈತ್ರಿ.”

ಕಾಳಿಬಾಯಿ ಅಳಲಿಲ್ಲ, ಬೈಯಲಿಲ್ಲ. ಅವಳಿಗೆ ಬರುತ್ತಿದ್ದ ವಿದ್ಯೆ ಒಂದೇ, ಅದನ್ನು ಹೂಡಿದಳು. ಗಿರಾಕಿಯನ್ನು ಬಿಡದೆ ಇರುವುದು.

ಮಿನೆಜಿಸ್ ತಟ್ಟೆ ಹಿಡಿದು ಮೀನಿನ ಮುಂದೆ ನಿಂತಿದ್ದರು. ಅವಳು ಪಕ್ಕದಲ್ಲಿ ಹೋಗಿ ನಿಂತು, ಕೊಂಕಣಿಯಲ್ಲಿ, ಶೇಕ ಇವತ್ತು ಎಂದಳು. ಅವಳಿಗೆ ಕೊಂಕಣಿ ಬರುತ್ತದೆಂದು ತಿಳಿದೇ ಅವರಿಗೆ ಅರ್ಧ ಗಾಬರಿಯಾಯಿತು. ಸೋಮವಾರ ನೋಡೋಣ ಎಂದರು. ಬೀಚಿನಲ್ಲಿ ನಾಳೆ ಎಂದ ಗಿರಾಕಿ ಇಲ್ಲ ಎಂದ ಹಾಗೆ, ಆಮೇಲೆ ಎಂದವನೂ ಇಲ್ಲ ಎಂದ ಹಾಗೆ. ಇವತ್ತು ಎಂದಳು. ಅವರು ಅನ್ನದ ಕಡೆ ಸರಿದರು, ಇವಳೂ ಸರಿದಳು. ಹಣ್ಣಿನ ಕಡೆ ಹೋದರು, ಹೋದಳು. ದನಿ ಎತ್ತಲಿಲ್ಲ, ಕೈ ಹಿಡಿಯಲಿಲ್ಲ, ಮುಖದ ಮೇಲೆ ವ್ಯಾಪಾರದ ನಗು ಹಾಗೇ ಇತ್ತು. ನಿರ್ದೇಶಕರ ಒಪ್ಪಿಗೆ ಬೇಕಲ್ಲ ಎಂದರು. ಇವತ್ತು ಎಂದಳು. ತಪ್ಪಿಸಿಕೊಳ್ಳಲು ಹಿಂಬಾಗಿಲಿನಿಂದ ಮರಳಿಗೆ ಇಳಿದರು ಪಾಪ; ಬೇರೆ ಎಲ್ಲಿಗಾದರೂ ಹೋಗಿದ್ದರೆ ಉಳಿಯುತ್ತಿದ್ದರೇನೋ. ಮರಳು ಅವಳ ಮನೆ. ಬೂಟಿನೊಳಗೆ ಮರಳು ತುಂಬಿ ಅವರು ಕುಂಟುತ್ತಿದ್ದರೆ ಇವಳು ಬರಿಗಾಲಲ್ಲಿ ಪಕ್ಕದಲ್ಲೇ ನಡೆದಳು. ದೂರದಲ್ಲಿ ಚೀಲ ಮಾರುತ್ತಿದ್ದ ಅವಳ ಜೊತೆಯವರು ನಿಂತು ನೋಡಿದರು. ಕಾಳಿಬಾಯಿ ಕೈಯಲ್ಲಿ ಸರಕಿಲ್ಲದೆ ಏನು ಮಾರುತ್ತಿದ್ದಾಳೆಂದು ಅವರಿಗೆ ತಿಳಿಯಲಿಲ್ಲ.

ದೋಣಿಗಳನ್ನು ಎಳೆದಿಟ್ಟ ಕಡೆ ಮಿನೆಜಿಸ್ ನಿಂತರು. ಏನೂ ಅನ್ನಲಿಲ್ಲ, ಸಮುದ್ರದ ಕಡೆ ನೋಡಿದರು. ಗಿರಾಕಿ ಸುಮ್ಮನಾದ ಎಂದರೆ ವ್ಯಾಪಾರ ಕುದುರಿತು ಎಂದು ಅವಳಿಗೆ ಗೊತ್ತಿತ್ತು. ಅವಳು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಜೇಬಿನಿಂದ ಕಾರಿನ ಕೀಲಿ ತೆಗೆದರು. ಗೀತಾಂಜಲಿ ಊಟ ಬಿಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂತಳು.

ಹೊಸ ಅಳತೆ ತೆಗೆದು ಹೊಸ ಚುಕ್ಕೆ ಇಡಲು ಎಷ್ಟು ಹೊತ್ತು ಹಿಡಿಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಹೋಟೆಲಿನಲ್ಲಿ ಇನ್ನೂ ಐಸ್‌ಕ್ರೀಮ್ ನಡೆದಿರಬೇಕು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮಷೀನಿನ ಹುಡುಗಿ ಈ ಸಲ ಚುಕ್ಕೆಗಳನ್ನು ಹೂವಿನಿಂದ ದೂರ ಇಟ್ಟಳು, ಇವಕ್ಕೆ ಏನನ್ನೂ ಸೇರಿಸಬೇಡಿ ಎಂದೂ ಹೇಳಿದಳು. ಕಾಳಿಬಾಯಿ ಮಷೀನಿನ ಕೆಳಗೆ ಮಲಗಿ, ತಲೆಯ ಹತ್ತಿರ ನಿಂತ ಮಿನೆಜಿಸರನ್ನು ನೋಡಿದಳು. ಬಿಟ್ಟುಹೋದ ದಿನಗಳ ಕಥೆ ಏನು ಎಂದು ಕೊಂಕಣಿಯಲ್ಲಿ ಕೇಳಿದಳು. ಕೊನೆಗೆ ಇನ್ನಷ್ಟು ಸಲ ಸೇರಿಸಿ ಕೊಡುತ್ತೇನೆ ಎಂದರು. ಅದರಿಂದ ಎಲ್ಲ ಸರಿಹೋಗುತ್ತದೆಯೇ? ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು. ಅವಳಿಗೆ ಮೊದಲ ಸಲ ನಿಜವಾದ ಭಯವಾಯಿತು. ಕಣ್ಣು ತುಂಬಿ ಬಂದವು.

ಅಂಥ ಹೊತ್ತಿಗೆ ಕೊಂಕಣಿ ಸಾಲದಾಯಿತು. ಅವಳು ಗೀತಾಂಜಲಿಯ ಕಡೆ ಮುಖ ತಿರುಗಿಸಿದಳು.

“ಹೊರಗ ನಮ್ಮತ್ತಿ ಕುಂತಾಳ್ರಿ ಬಾಯಾರ. ತಾನ ನನ್ನ ಕೊಂದೆ ಅಂತ ರೊಟ್ಟಿ ಬಿಟ್ಟಾಳ. ಸಾಹೇಬ್ರಿಗೆ ಹೇಳ್ರಿ, ಹೋಗಿ ತಪ್ಪು ಆಕಿದಲ್ಲ ಅಂತ ಆಕಿಗೆ ಒಂದ ಮಾತ ಹೇಳಿ ಬರ್ಲಿ. ಆಕಿಗೆ ಗೊತ್ತಿರಲಿಲ್ರಿ. ಇವರಿಗೆ ಗೊತ್ತಿತ್ತು.”

ಗೀತಾಂಜಲಿ ಒಂದಕ್ಷರವನ್ನೂ ಬಿಡದೆ ಹೇಳಿದಳು. ಮಿನೆಜಿಸ್ ಕೋಟಿಗೆ ಸಿಕ್ಕಿಸಿದ್ದ ಸಮ್ಮೇಳನದ ಬಿಲ್ಲೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಬಾಗಿಲು ತೆರೆದು ಮುದುಕಿ ಕೂತಿದ್ದ ಬೆಂಚಿನ ಕಡೆ ಹೋದರು.